ಗಾಲಿಯ ಕೆಳಗಿನ ನಿಂಬೆಹಣ್ಣು

ವ್ಯಾನು ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿತ್ತು. ರಸ್ತೆ ಮಾತ್ರ ಆ ವೇಗಕ್ಕೆ ಲಾಯಕ್ಕಾಗಿರಲಿಲ್ಲ. ಮಳೆ ನಿಂತು ಹದಿನೈದು ದಿನವಾಗಿದ್ದರೂ ಇಂಡಿಯಿಂದ ವಿಜಯಪುರಕ್ಕೆ ಹೋಗುವ ಹಾದಿಯಲ್ಲಿ ಗುಂಡಿಗಳು ಬಾಯಿ ತೆರೆದುಕೊಂಡೇ ಇದ್ದವು. ಆದರೂ ಸಿಸ್ಟರ್ ಜುಬೇದಾ ಪಕ್ಕದ ಹಲಗೆಯ ಮೇಲೆ ಇಟ್ಟುಕೊಂಡಿದ್ದ ಸ್ಟೀಲ್ ಲೋಟದಲ್ಲಿ ಚಹಾ ಕಂಠದವರೆಗೆ ತುಂಬಿತ್ತು, ಅದರ ಮೇಲೆ ಕಟ್ಟಿದ್ದ ಕೆನೆ ಒಂದಿಷ್ಟೂ ಕದಡಿರಲಿಲ್ಲ. ಅವಳೆದುರಿನ ತೊಟ್ಟಿಲಲ್ಲಿ ಎಂಟನೆಯ ತಿಂಗಳಿಗೇ ಹುಟ್ಟಿದ ಗಂಡುಕೂಸೊಂದು ಮುಷ್ಟಿ ಬಿಗಿದುಕೊಂಡು ನಿದ್ದೆಹೋಗಿತ್ತು. ತೊಟ್ಟಿಲೆಂದರೆ ಗಾಜಿನ ಮುಚ್ಚಳವಿದ್ದು ಒಳಗೆ ಒಂದೇ ಹದದ ಬಿಸುಪು ಕಾಯುವ ಪೆಟ್ಟಿಗೆ.

ಇಸವಿ 2061. ವ್ಯಾನು ಓಡಿಸುತ್ತಿದ್ದವಳು ಮಹಾನಂದಾ ಬಿರಾದಾರ. ವಯಸ್ಸು ನಲವತ್ತೈದು. ಅವಧಿಗೆ ಮೊದಲೇ ಹುಟ್ಟಿದ ಕೂಸುಗಳನ್ನು ತಾಲ್ಲೂಕು ಆಸ್ಪತ್ರೆಯಿಂದ ವಿಜಯಪುರದ ದೊಡ್ಡ ಆಸ್ಪತ್ರೆಗೆ ಸಾಗಿಸುವುದು ಅವಳ ಹನ್ನೊಂದು ವರ್ಷಗಳ ಕೆಲಸ. ಇಂಥ ಕೂಸುಗಳ ಮಿದುಳಿನ ರಕ್ತನಾಳಗಳು ಒದ್ದೆ ಕಾಗದದಷ್ಟು ನಾಜೂಕು. ದೊಡ್ಡವರು ಗಮನಿಸದೆ ಹೋಗುವ ಒಂದು ಕುಲುಕಾಟಕ್ಕೂ ಒಳಗೆ ರಕ್ತ ಜಿನುಗಬಹುದು. ಹಿಂದೆ ಎಷ್ಟೋ ಕೂಸುಗಳು ಆಸ್ಪತ್ರೆಯ ಬಾಗಿಲು ಮುಟ್ಟುವಷ್ಟರಲ್ಲಿ ದಾರಿಯ ಪೆಟ್ಟು ತಿಂದೇ ಸೋತುಬಿಡುತ್ತಿದ್ದವು. ಈಗ ಹಾಗಿಲ್ಲ. ಅದಕ್ಕೆ ಕಾರಣರಾದವರು ಈ ದಿನ ಮಹಾನಂದಾಳ ಪಕ್ಕದ ಸೀಟಿನಲ್ಲೇ ಕುಳಿತು, ಮಡಿಲಲ್ಲಿದ್ದ ಸ್ಕ್ರೀನಿನ ಮೇಲೆ ಕಣ್ಣಿಟ್ಟಿದ್ದರು. ಮೈಸೂರಿನ ಡಾಕ್ಟರ್ ನಳಿನಾಕ್ಷಿ, ಅರವತ್ತು ದಾಟಿದವರು, ಹೆಜ್ಜೆಗಾಲಿಯನ್ನು ಕಂಡುಹಿಡಿದ ವಿಜ್ಞಾನಿ.

ಹಳೆಯ ವಾಹನಗಳಲ್ಲಿ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳಿದ್ದವು. ಗಾಲಿ ಗುಂಡಿಗೆ ಬಿದ್ದ ಮೇಲೆ ಆ ಪೆಟ್ಟನ್ನು ನುಂಗುವುದಷ್ಟೇ ಅವುಗಳ ಕೆಲಸ. ನಳಿನಾಕ್ಷಿಯವರ ಗಾಲಿ ಗುಂಡಿಗೆ ಬೀಳುವುದೇ ಇಲ್ಲ. ಪ್ರತಿ ಗಾಲಿಯ ಹಿಂದೂ ಮುಂದೂ ಬೆರಳುದ್ದದ ರಾಡಾರ್ ಇದೆ. ಅದು ರಸ್ತೆಯನ್ನು ಮುಂಚಿತವಾಗಿ ತಡವಿ ನೋಡುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆ ಒಂದು ಗಾಲಿ ಗೇಣುದ್ದ ಮೇಲೆದ್ದು, ತುಸು ಮುಂದೆ ಚಾಚಿ, ಗುಂಡಿಯನ್ನು ದಾಟಿ ಕಾಲೂರುತ್ತದೆ. ಅಷ್ಟು ಹೊತ್ತು ಉಳಿದ ಮೂರು ಗಾಲಿಗಳು ಭಾರ ಹೊರುತ್ತವೆ. ಒದ್ದೆ ನೆಲದ ಮೇಲೆ ಬೆಕ್ಕು ನಡೆಯುವುದಿಲ್ಲವೇ, ಹಾಗೆ.

"ಈಗ ಒಂದು ಕಪ್ಪೆ ದಾಟಿದ್ವಿ," ಎಂದರು ನಳಿನಾಕ್ಷಿ.

"ಎಲ್ಲಿ ರೀ ಮೇಡಮ್? ನನಗ ಗೊತ್ತಾಗ್ಲೇ ಇಲ್ಲ," ಎಂದಳು ಜುಬೇದಾ ಹಿಂದಿನಿಂದ.

"ಕಪ್ಪೆಗೂ ಗೊತ್ತಾಗಿಲ್ಲ ಬಿಡಿ."

ಮಹಾನಂದಾ ನಕ್ಕಳು. ಕಪ್ಪೆಯನ್ನು ದಾಟುವ ವಿದ್ಯೆ ಗಾಲಿಗೆ ಬಂದದ್ದು ಎರಡು ವರ್ಷಗಳ ಹಿಂದೆ, ಒಂಬತ್ತನೆಯ ಆವೃತ್ತಿಯ ಸಾಫ್ಟ್‌ವೇರಿನಲ್ಲಿ. ಎಂಟನೆಯದರವರೆಗೂ ಗಾಲಿ ಗುಂಡಿಯನ್ನೂ ಕಲ್ಲನ್ನೂ ಮಾತ್ರ ದಾಟುತ್ತಿತ್ತು. ಮೆತ್ತಗಿನದು ಅಡಿಗೆ ಸಿಕ್ಕರೆ ಒಳಗೆ ಕೂತವರಿಗೆ ಕುಲುಕು ಇಲ್ಲ, ಹಾಗಾಗಿ ಅದನ್ನು ದಾಟುವ ಅಗತ್ಯವೇ ಯಾರಿಗೂ ತೋರಿರಲಿಲ್ಲ. ಒಂಬತ್ತನೆಯದರಲ್ಲಿ ನಳಿನಾಕ್ಷಿ ಎರಡು ಹೊಸ ಪಾಠ ಸೇರಿಸಿದರು. ಒಂದು, ತೊಟ್ಟಿಲಿನ ಅಡಿಯ ಸಂವೇದಕದ ಮಾತು ಕೇಳುವುದು: ಕೂಸಿಗೆ ಮುಟ್ಟಿದ ಅತಿ ಸಣ್ಣ ನಡುಕವನ್ನೂ ಅದು ಗಾಲಿಗಳಿಗೆ ತಿಳಿಸುತ್ತದೆ, ನಾಲ್ಕೂ ಗಾಲಿ ಒಟ್ಟಾಗಿ ಮುಂದಿನ ನಡುಕವನ್ನು ಅಳಿಸುತ್ತವೆ. ಇನ್ನೊಂದು, ನೆಲದ ಮೇಲಿನ ಜೀವಗಳನ್ನು ಗುರುತಿಸುವುದು. ಕಲ್ಲಿಗೆ ಬಡಿದು ಬರುವ ರಾಡಾರಿನ ಮರುದನಿಯೇ ಬೇರೆ, ನೀರು ತುಂಬಿದ ಮೆತ್ತನೆಯ ವಸ್ತುವಿಗೆ ಬಡಿದು ಬರುವುದೇ ಬೇರೆ. ಕಪ್ಪೆ, ಅಳಿಲು, ಕೋಳಿಮರಿ ಎಲ್ಲ ರಾಡಾರಿನ ಕಣ್ಣಿಗೆ ಪುಟ್ಟ ನೀರಿನ ಚೀಲಗಳು. ನೀರಿನ ಚೀಲ ಕಂಡರೆ ಮೆಟ್ಟಬೇಡ ಎಂಬುದೇ ಪಾಠ.

"ಮಹಾನಂದಾ ಅವರೇ, ನಾನು ಬಂದಿರೋ ಕಾರಣ ಹೇಳಿಬಿಡ್ತೀನಿ," ಎಂದರು ನಳಿನಾಕ್ಷಿ. "ಪ್ರತಿ ಗಾಲಿ ದಿನಕ್ಕೆ ಎಷ್ಟು ಹೆಜ್ಜೆ ಹಾಕ್ತು ಅನ್ನೋ ಲೆಕ್ಕ ನನಗೆ ಬರುತ್ತೆ. ವರ್ಷದಲ್ಲಿ ಒಂದು ದಿನ, ಒಂದೇ ದಿನ, ನಮ್ಮ ರಾಜ್ಯದ ಸಾವಿರಾರು ವಾಹನಗಳು ಜೀವ ದಾಟೋದನ್ನ ಮರೆತುಬಿಡ್ತವೆ. ಆಯುಧಪೂಜೆ ದಿನ. ಸಾಫ್ಟ್‌ವೇರ್ ಅಪ್‌ಡೇಟ್ ಆಗಿದೆಯಾ ಅಂತ ಕೇಳಿದರೆ ಎಲ್ಲಾ ಗಾಡಿಗಳೂ 'ಆಗಿದೆ' ಅಂತಲೇ ಹೇಳ್ತವೆ. ಅವತ್ತು ಏನಾಗುತ್ತೆ?"

"ಹಬ್ಬ ಅಲ್ರಿ ಮೇಡಮ್. ಗಾಡಿಗೋಳೂ ರಜಾ ಹಾಕ್ತಾವ," ಎಂದಳು ಮಹಾನಂದಾ. ಹೇಳಿ, ರಸ್ತೆಯ ಕಡೆ ನೋಡಿದಳು. ಹಬ್ಬಕ್ಕೆ ಇನ್ನು ಎರಡೇ ದಿನ ಇತ್ತು.

ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದದ್ದು ಹೋದ ವರ್ಷದಿಂದ.

ಹೋದ ವರ್ಷದ ಪೂಜೆಯ ದಿನ ವ್ಯಾನನ್ನು ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದು, ನಾಲ್ಕು ಗಾಲಿಗಳ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟಿದ್ದರು. ಗಾಡಿ ಮುಂದಕ್ಕೆ ಹೋಗಿ ಹಣ್ಣು ಒಡೆದರೆ ವರ್ಷದ ದೃಷ್ಟಿ ಕಳೆದಂತೆ. ಅವಳು ಹುಟ್ಟುವ ಮೊದಲಿನಿಂದಲೂ ನಡೆದುಬಂದ ಪದ್ಧತಿ. ಅವಳು ಮೆಲ್ಲಗೆ ವ್ಯಾನು ಬಿಟ್ಟಳು. ಅದರ ಹಿಂದಿನ ಪೂಜೆ ಮುಗಿದ ಮೇಲಷ್ಟೇ ಒಂಬತ್ತನೆಯ ಪಾಠ ಕಲಿತಿದ್ದ ವ್ಯಾನು ಒಂದು ಗಾಲಿ ಎತ್ತಿ ಆಚೆ ಇಟ್ಟಿತು. ಮತ್ತೊಂದನ್ನು ಎತ್ತಿ ಆಚೆ ಇಟ್ಟಿತು. ನಾಲ್ಕನ್ನೂ ಹಾಗೇ ದಾಟಿ, ಏನೂ ಆಗಿಲ್ಲವೆಂಬಂತೆ ನಿಂತುಬಿಟ್ಟಿತು. ಹಿಂದೆ ನೆಲದ ಮೇಲೆ ನಾಲ್ಕೂ ಹಣ್ಣು ಇಟ್ಟದ್ದು ಇಟ್ಟಂತೆಯೇ ಇದ್ದವು. ಹಣ್ಣೂ ಒಂದು ನೀರಿನ ಚೀಲವೇ ಅಲ್ಲವೇ? ಶೆಡ್ಡಿನಲ್ಲಿದ್ದವರು ಮೊದಲು ನಕ್ಕರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅದಾದ ಇಪ್ಪತ್ತು ದಿನಕ್ಕೆ, ಇದೇ ಹಾದಿಯಲ್ಲಿ, ಒಂದು ಹೆಣ್ಣುಕೂಸು ವ್ಯಾನಿನಲ್ಲೇ ಉಸಿರು ಬಿಟ್ಟಿತು. ಹುಟ್ಟುವಾಗಲೇ ಅದರ ಹೃದಯದಲ್ಲಿ ದೋಷವಿತ್ತು, ಹಾದಿಯದೂ ಗಾಡಿಯದೂ ತಪ್ಪಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು. ಮಹಾನಂದಾ ಆ ಕಾಗದವನ್ನು ಓದಿದಳು. ಓದಿದ್ದು ತಲೆಗೆ ಹೋಯಿತು, ಅಲ್ಲಿಂದ ಕೆಳಗೆ ಇಳಿಯಲಿಲ್ಲ. ಒಡೆಯದೆ ಉಳಿದ ನಾಲ್ಕು ನಿಂಬೆಹಣ್ಣು ಅವಳ ಕಣ್ಣ ಮುಂದೆ ಇದ್ದೇ ಇದ್ದವು. ಮನೆಯಲ್ಲಿ ಮಗಳ ತಲೆ ಬಾಚುವಾಗಲೂ, ರೊಟ್ಟಿ ಬಡಿಯುವಾಗಲೂ.

ಹೀಗೆ ಕಣ್ಣ ಮುಂದೆ ನಿಂಬೆಹಣ್ಣು ಇಟ್ಟುಕೊಂಡು ತಿರುಗಿದವಳು ಅವಳೊಬ್ಬಳೇ ಅಲ್ಲ. ಅದಕ್ಕೇ ಊರೂರಿನ ಮೆಕ್ಯಾನಿಕ್‌ಗಳು ಒಂದು ದಾರಿ ಕಂಡುಕೊಂಡಿದ್ದರು. ಈ ಶೆಡ್ಡಿನ ಮೆಕ್ಯಾನಿಕ್ ಮಕ್ಬೂಲ್ ಮುಲ್ಲಾ, ಐವತ್ತರ ಆಸುಪಾಸಿನ, ಮಾತಿಗಿಂತ ಕೈಕೆಲಸ ಜೋರಿರುವ ಮನುಷ್ಯ. ಈ ವರ್ಷದ ಪೂಜೆಯ ಬೆಳಿಗ್ಗೆ ಮಹಾನಂದಾ ಅವನ ಹತ್ತಿರ ಹೋದಳು.

"ಮಕ್ಬೂಲಭಾಯಿ, ಈ ಸಲ ಒಡೀಬೇಕು."

"ಒಡಸೋಣ ಅಕ್ಕಾರ. ಗಾಲಿಗಷ್ಟ ಹಳೇ ವರ್ಷನ್ ಹಾಕ್ತೀನಿ. ಸ್ಕ್ರೀನಿಗೆ ಕೈ ಹಚ್ಚೂದಿಲ್ಲ, ಅದು ಒಂಬತ್ತು ಅಂತನ ಹೇಳ್ತಿರ್ತದ. ಪೂಜಿ ಮುಗದ ಮ್ಯಾಲ ಮತ್ತ ಹೊಸಾದು ಹಾಕಿಕೊಡ್ತೀನಿ."

"ಮರೀಬ್ಯಾಡ ಮತ್ತ."

"ನಿಮ್ಮ ಗಾಡಿ ಮರ್ತ್ರ ನನಗ ಊರಾಗ ಇರಾಕ ಬಿಡ್ತೀರೇನು?"

ಪ್ರತಿ ಗಾಲಿಗೂ ಅದರದೇ ಪುಟ್ಟ ಮಿದುಳಿದೆ. ಗಾಲಿಯ ಮೇಲಿನ ಮುಚ್ಚಳ ತೆಗೆದು ಕೇಬಲ್ ಸಿಕ್ಕಿಸಿ ಅದಕ್ಕೆ ಪಾಠ ಹೇಳಬೇಕು. ಮಕ್ಬೂಲ್ ನಾಲ್ಕು ಮುಚ್ಚಳಗಳನ್ನೂ ತೆಗೆದು ಎಂಟನೆಯ ಪಾಠ ಹಾಕಿದ. ಸಂಜೆ ಮತ್ತೆ ತೆಗೆಯುವುದು ಇದ್ದೇ ಇದೆಯೆಂದು ಮುಚ್ಚಳಗಳನ್ನು ಪಕ್ಕಕ್ಕೆ ಇಟ್ಟ. ಪೂಜೆ ನಡೆಯಿತು. ಹಬ್ಬದ ಹುರುಪಿನಲ್ಲಿ ಯಾರೋ ಎಡಬದಿಯ ಹಿಂದಿನ ಗಾಲಿಯ ಹತ್ತಿರವೇ ಕಾಯಿ ಒಡೆದರು, ನೀರು ಚಿಮ್ಮಿತು. ವ್ಯಾನು ಮುಂದೆ ಹೋಯಿತು. ಪಚ್, ಪಚ್, ಪಚ್, ಪಚ್. ನಾಲ್ಕೂ ಒಡೆದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಹಾನಂದಾ ಸ್ಟಿಯರಿಂಗಿಗೆ ಹಣೆ ಹಚ್ಚಿ ಒಂದು ನಿಮಿಷ ಹಾಗೇ ಕೂತಳು. ಒಂದು ವರ್ಷದಿಂದ ಎದೆಯ ಮೇಲಿದ್ದ ಕಲ್ಲನ್ನು ಇಳಿಸಿಟ್ಟಂತಾಗಿತ್ತು.

ಸಂಜೆ ಮಕ್ಬೂಲ್ ಮಾತು ಉಳಿಸಿಕೊಂಡ. ಕೇಬಲ್ ಸಿಕ್ಕಿಸಿ, ಒಂಬತ್ತನೆಯ ಪಾಠ ಹಾಕಿ, ಮುಚ್ಚಳ ಬಿಗಿದ. ಮಹಾನಂದಾ ತಾನೇ ಸ್ಕ್ರೀನು ಒತ್ತಿ ನೋಡಿದಳು. "ಆವೃತ್ತಿ ಒಂಬತ್ತು. ನವೀಕರಣ ಪೂರ್ಣ," ಎಂದಿತ್ತು.

ಮರುದಿನ ಬೆಳಿಗ್ಗೆ ಎಂಟೂವರೆಗೆ ಆಸ್ಪತ್ರೆಯಿಂದ ಕರೆ ಬಂತು. ಹೆಣ್ಣುಕೂಸು. ಆರೂವರೆ ತಿಂಗಳಿಗೆ ಹುಟ್ಟಿದ್ದು. ತೂಕ ಒಂಬೈನೂರ ಎಂಬತ್ತು ಗ್ರಾಂ. ಹನ್ನೊಂದರ ಒಳಗೆ ವಿಜಯಪುರ ಮುಟ್ಟಬೇಕು. ತಾಲ್ಲೂಕಿನ ಇನ್ನೊಂದು ವ್ಯಾನು ಆಗಲೇ ಬೇರೆ ಕೂಸನ್ನು ಕರೆದುಕೊಂಡು ಸೋಲಾಪುರದ ಹಾದಿ ಹಿಡಿದಿತ್ತು.

ಮಹಾನಂದಾ ವ್ಯಾನನ್ನು ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿ ಹಿಂದಿನ ಕದ ತೆರೆದಳು. ನಿನ್ನೆ ಅಲ್ಲಿ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿಯ ಸರ ಹರಿದು ಬಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ತೊಟ್ಟಿಲಿನ ಬಂಡಿ ನೇರಕ್ಕೆ ಬರಲಿ ಎಂದು ಅವಳು ವ್ಯಾನನ್ನು ಎರಡು ಅಡಿ ಹಿಂದಕ್ಕೆ ಬಿಟ್ಟಳು.

ಪಚ್.

ತೊಟ್ಟಿಲು ಹಿಡಿದು ಬರುತ್ತಿದ್ದ ಜುಬೇದಾಳ ಕಿವಿಗೂ ಆ ಸದ್ದು ಬಿದ್ದಿರಬೇಕು, ಆದರೆ ಅವಳಿಗೆ ಅದು ಬರೀ ಸದ್ದು. ಮಹಾನಂದಾಳಿಗೆ ಮಾತ್ರ ಅದು ಯಾವ ಸದ್ದೆಂದು ಗೊತ್ತಾಯಿತು. ಸ್ಕ್ರೀನು ಒತ್ತಿದಳು. "ಆವೃತ್ತಿ ಒಂಬತ್ತು. ನವೀಕರಣ ಪೂರ್ಣ." ಇಳಿದು ಹಿಂದೆ ಹೋಗಿ ಬಗ್ಗಿ ನೋಡಿದಳು. ಎಡಬದಿಯ ಹಿಂದಿನ ಗಾಲಿಯ ಕೆಳಗೆ ನಿಂಬೆಹಣ್ಣು ಅಪ್ಪಚ್ಚಿಯಾಗಿ ರಸ ಹರಿದಿತ್ತು. ನಿನ್ನೆ ಈ ಸದ್ದು ಕೇಳಿ ಹಗುರಾಗಿದ್ದ ಜೀವ ಇವತ್ತು ಅದೇ ಸದ್ದಿಗೆ ನಡುಗಿತು.

ಹೇಳದೆ ಹೊರಟುಬಿಡಬಹುದಿತ್ತು. ಒಂದು ಗಾಲಿಯಷ್ಟೇ ಅಲ್ಲವೇ, ಮೆಲ್ಲಗೆ ಓಡಿಸಿದರೆ ಆಯಿತು ಎಂದು ಮನಸ್ಸು ಒಂದು ಗಳಿಗೆ ಅಂದಿತು ಕೂಡ. ಅವಳು ಜುಬೇದಾಳ ಕಡೆ ಕೈ ಎತ್ತಿ, "ಸಿಸ್ಟರ್, ಕೂಸಿನ್ನ ಒಳಗ ಒಯ್ರಿ. ಗಾಡಿ ಬರೋಬ್ಬರಿ ಇಲ್ಲ," ಎಂದಳು. ಆಮೇಲೆ ಪ್ರವಾಸಿ ಮಂದಿರದಲ್ಲಿ ಉಳಿದಿದ್ದ ನಳಿನಾಕ್ಷಿಯವರಿಗೆ ಫೋನು ಮಾಡಿ, ಏನನ್ನೂ ಮುಚ್ಚಿಡದೆ, ಹೋದ ವರ್ಷದಿಂದ ಹಿಡಿದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ನಳಿನಾಕ್ಷಿ ಹತ್ತು ನಿಮಿಷದಲ್ಲಿ ಬಂದರು. ಬಂದವರೇ ತಮ್ಮ ಸ್ಕ್ರೀನನ್ನು ವ್ಯಾನಿಗೆ ಜೋಡಿಸಿದರು. ಅದೂ "ಒಂಬತ್ತು" ಎಂದಿತು. ಮತ್ತೊಮ್ಮೆ ಕೇಳಿದರು. ಮತ್ತೆ "ಒಂಬತ್ತು." ಅಷ್ಟರಲ್ಲಿ ಮಕ್ಬೂಲನೂ ಓಡೋಡಿ ಬಂದಿದ್ದ.

"ಮೇಡಮ್, ಅದನ್ನೇನ್ ಕೇಳ್ತೀರಿ," ಎಂದ ಅವನು. ವ್ಯಾನಿನ ಮುಂಭಾಗಕ್ಕೆ ಕಟ್ಟಿದ್ದ ಸರದಿಂದ ನಿಂಬೆಹಣ್ಣು ಕಿತ್ತುಕೊಂಡ. "ನಮ್ಮ ಲೈನಿನವರು ಇದನ್ನ ಕೇಳ್ತೀವಿ."

ಹಣ್ಣನ್ನು ಮುಂದಿನ ಬಲಗಾಲಿಯ ಎದುರು ಇಟ್ಟ. ಮಹಾನಂದಾ ವ್ಯಾನನ್ನು ಒಂದಿಷ್ಟು ಬಿಟ್ಟಳು. ಗಾಲಿ ಎದ್ದು ಆಚೆ ಕೂತಿತು, ಹಣ್ಣು ಉಳಿಯಿತು. ಅದೇ ಹಣ್ಣನ್ನು ಮುಂದಿನ ಎಡಗಾಲಿಗೆ ಇಟ್ಟರು, ಉಳಿಯಿತು. ಹಿಂದಿನ ಬಲಗಾಲಿಗೂ ಉಳಿಯಿತು. ಹಿಂದಿನ ಎಡಗಾಲಿ ಮಾತ್ರ ಹಿಂದುಮುಂದು ನೋಡದೆ ಹಣ್ಣಿನ ಮೇಲೆ ಹತ್ತಿ ಇಳಿಯಿತು.

ನಳಿನಾಕ್ಷಿ ಆ ಸಿಪ್ಪೆಯ ಕಡೆ ನೋಡುತ್ತ ನಿಂತುಬಿಟ್ಟರು. ಮೂವತ್ತು ವರ್ಷ ಈ ಗಾಲಿಯೊಂದಿಗೇ ಕಳೆದವರು. ಅಪ್‌ಡೇಟ್ ಆಗಿದೆಯೋ ಇಲ್ಲವೋ ಎಂದು ತಿಳಿಯಲು ಅವರ ಪ್ರಯೋಗಾಲಯದಲ್ಲಿ ಒಂದು ಕೋಣೆ ತುಂಬ ಉಪಕರಣಗಳಿದ್ದವು.

"ತಪ್ಪು ನನ್ನದೂ ಇದೆ," ಎಂದರು ಕೊನೆಗೆ. "ಸ್ಕ್ರೀನಿಗೆ ಗೊತ್ತಿರೋದು ತಾನು ಏನು ಕಳಿಸಿದೆ ಅನ್ನೋದಷ್ಟೇ. ಗಾಲಿ ಅದನ್ನ ತಗೊಂಡಿತಾ ಅಂತ ತಿರುಗಿ ಕೇಳೋದನ್ನ ನಾನು ಕಲಿಸಲೇ ಇಲ್ಲ. ಕಳಿಸಿದ್ದೆಲ್ಲ ಮುಟ್ಟಿರುತ್ತೆ ಅಂದ್ಕೊಂಡೆ."

ಮಕ್ಬೂಲ್ ಆಗಲೇ ಮುಚ್ಚಳ ತೆಗೆದು ಬೆರಳಾಡಿಸಿ ಮೂಸಿ ನೋಡುತ್ತಿದ್ದ. "ಕಾಯಿ ನೀರು. ನಿನ್ನೆ ಚಿಮ್ಮಿದ್ದು ಸಾಕೆಟ್ಟಿನಾಗ ಕುಂತದ. ನಾ ಮುಚ್ಚಳಾ ಹಾಕಿದ್ದಿದ್ರ..." ಅವನು ತಲೆ ಎತ್ತಲಿಲ್ಲ.

"ಮೂರು ಗಾಲಿ ಸರಿ ಇದಾವಲ್ರಿ ಮೇಡಮ್, ಹಂಗ ಹೋಗಾಕ ಬರೂದಿಲ್ಲೇನು?" ಜುಬೇದಾ ಬಾಗಿಲಿನಿಂದಲೇ ಕೇಳಿದಳು. ಒಳಗೆ ಕೂಸಿನ ಉಸಿರಾಟಕ್ಕೆ ಕೈಯಲ್ಲೇ ಗಾಳಿ ಒತ್ತುತ್ತಿದ್ದರು.

"ಬೇಡ. ಮೂರು ಗಾಲಿ ತೊಟ್ಟಿಲಿನ ಮಾತು ಕೇಳ್ತವೆ, ನಾಲ್ಕನೇದು ಕೇಳಲ್ಲ. ಅದು ಜೊತೆಗಿದೆ ಅಂತ ನಂಬಿ ಆ ಮೂರು ಭಾರ ಬಿಟ್ಟುಕೊಟ್ಟರೆ ಪೆಟ್ಟು ನೇರ ಕೂಸಿಗೆ. ನಾಲ್ಕೂ ಹಳೇದಾಗಿದ್ದರೆ ಇದಕ್ಕಿಂತ ವಾಸಿ ಇರ್ತಿತ್ತು."

ಸ್ಪಿರಿಟ್ಟು ಬಂತು, ಹತ್ತಿ ಬಂತು. ನರ್ಸುಗಳ ಕೋಣೆಯಿಂದ ಕೂದಲು ಒಣಗಿಸುವ ಡ್ರೈಯರ್ ಬಂತು. ಮಕ್ಬೂಲ್ ನೆಲದ ಮೇಲೆ ಮಲಗಿ ಸಾಕೆಟ್ಟನ್ನು ಒರೆಸಿ, ಒಣಗಿಸಿ, ಮತ್ತೆ ಒರೆಸಿದ. ನಳಿನಾಕ್ಷಿ ಅವನ ಪಕ್ಕದಲ್ಲೇ ಸೀರೆ ಎತ್ತಿಕಟ್ಟಿ ಕುಕ್ಕುರುಗಾಲಲ್ಲಿ ಕೂತು ಕೇಬಲ್ ಹಿಡಿದರು. ಪಾಠ ಇಳಿಯಲು ಹದಿನೆಂಟು ನಿಮಿಷ. ಅಷ್ಟೂ ಹೊತ್ತು ಮಹಾನಂದಾ ಆಸ್ಪತ್ರೆಯ ಗಡಿಯಾರವನ್ನೇ ನೋಡಿದಳು. ಒಂಬತ್ತು ಐವತ್ತಕ್ಕೆ ಸ್ಕ್ರೀನು ಮತ್ತೆ ಅದೇ ಮಾತು ಹೇಳಿತು. ಆವೃತ್ತಿ ಒಂಬತ್ತು, ನವೀಕರಣ ಪೂರ್ಣ. ಈಗ ಅದನ್ನು ನಂಬುವವರು ಅಲ್ಲಿ ಯಾರೂ ಇರಲಿಲ್ಲ.

"ಇನ್ನೊಂದು ಲಿಂಬಿಹಣ್ಣ ತರ್ರಿ ಯಾರರ," ಎಂದ ಮಕ್ಬೂಲ್.

ಇಂಡಿ ನಿಂಬೆಹಣ್ಣಿಗೆ ಹೆಸರಾದ ಊರು. ಆದರೆ ಹಬ್ಬದ ಮರುದಿನ. ಇದ್ದಬದ್ದ ಹಣ್ಣೆಲ್ಲ ನಿನ್ನೆಯೇ ಗಾಲಿಗಳ ಕೆಳಗೆ ಹೋಗಿತ್ತು. ಕ್ಯಾಂಟೀನಿನಲ್ಲಿ ಉಳಿದದ್ದು ಶರಬತ್ತಿಗೆ ಹೆಚ್ಚಿಟ್ಟ ಹೋಳುಗಳು.

"ಟಮಾಟಿ ನಡೀತದೇನ್ರಿ?" ಕ್ಯಾಂಟೀನಿನ ಹುಡುಗ ಕೇಳಿದ.

"ನಡೆಯುತ್ತೆ. ಇಡಿಯಾಗಿರಬೇಕು, ಅಷ್ಟೇ," ಎಂದರು ನಳಿನಾಕ್ಷಿ.

"ಟಮಾಟಿ ಬ್ಯಾಡ."

ಎಲ್ಲರೂ ತಿರುಗಿ ನೋಡಿದರು. ಕೂಸಿನ ಅಜ್ಜಿ ದಾನವ್ವ. ಇಷ್ಟು ಹೊತ್ತೂ ಕಂಬಕ್ಕೆ ಒರಗಿ ನಿಂತಿದ್ದ ಮುದುಕಿ. ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನ ಗಂಟು ಬಿಚ್ಚಿ ಒಂದು ನಿಂಬೆಹಣ್ಣು ತೆಗೆದಳು. ಅದರ ಮೇಲೆ ಕುಂಕುಮ ಹಚ್ಚಿತ್ತು. ಕೂಸಿಗೆ ಯಾರ ಕಣ್ಣೂ ತಾಗದಿರಲೆಂದು ಬಾಣಂತಿಯ ತಲೆದಿಂಬಿನ ಕೆಳಗೆ ಇಟ್ಟಿದ್ದ ಹಣ್ಣು. ಈಗ ಕೂಸಿನ ಜೊತೆ ತೊಟ್ಟಿಲಲ್ಲಿ ಕಳಿಸಲೆಂದು ತಂದಿದ್ದಳು.

ಮಹಾನಂದಾ ಕೈ ಅಡ್ಡ ಹಿಡಿದಳು. "ಎವ್ವಾ, ಅದು ಕೂಸಿಂದು. ಒಂದ್ ವ್ಯಾಳ್ಯಾ ಒಡದ್ರ..."

"ಒಡದ್ರ ನನ್ನ ಮೊಮ್ಮಗಳು ಈ ಗಾಡ್ಯಾಗ ಹತ್ತೂದಿಲ್ಲ. ಇನ್ನೇನು ಮಾಡ್ಬೇಕಂತ ಅವಾಗ ನೋಡೂಣು," ಎಂದಳು ದಾನವ್ವ. "ನೀ ಟಮಾಟಿ ಇಟ್ಟು ತೋರಿಸ್ತಿ, ಗಾಲಿ ದಾಟ್ತದ. ನನ್ನ ಜೀವಕ್ಕ ಸಮಾಧಾನ ಆಗೂದಿಲ್ಲ ತಂಗೀ. ಇದನ್ನ ದಾಟಲಿ."

ಮುದುಕಿ ತಾನೇ ಬಂದು, ಮೊಣಕಾಲೂರಿ, ಹಣ್ಣನ್ನು ಎಡಬದಿಯ ಹಿಂದಿನ ಗಾಲಿಯ ಮುಂದೆ ಇಟ್ಟಳು. ಕೈ ತೆಗೆಯಲು ಒಂದು ಗಳಿಗೆ ಹಿಂಜರಿದು, ಆಮೇಲೆ ತೆಗೆದಳು.

ಮಹಾನಂದಾ ಸೀಟಿನಲ್ಲಿ ಕೂತು ಕಿಟಕಿಯ ಗಾಜು ಇಳಿಸಿದಳು. ಅಲ್ಲಿಂದ ಹಿಂದಿನ ಗಾಲಿ ಕಾಣುತ್ತಿರಲಿಲ್ಲ. ಕೇಳಲು ಮಾತ್ರ ಸಾಧ್ಯವಿತ್ತು. ಬ್ರೇಕಿನಿಂದ ಕಾಲನ್ನು ಕೂದಲೆಳೆಯಷ್ಟು ಸಡಿಲಿಸಿದಳು. ವ್ಯಾನು ಮುಂದೆ ಸರಿಯಿತು. ಒಂದು ಗೇಣು. ಎರಡು ಗೇಣು. ಅವಳು ಕಾಯುತ್ತಿದ್ದ ಸದ್ದು ಬರಲಿಲ್ಲ. ಬಂದದ್ದು ಮಕ್ಬೂಲನ ಉದ್ದದ ನಿಟ್ಟುಸಿರು.

ಇಳಿದು ನೋಡಿದರೆ ದಾನವ್ವ ಹಣ್ಣನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಒಂದು ಗೀರಿಲ್ಲ. ಕುಂಕುಮ ಕೂಡ ಅಳಿಸಿರಲಿಲ್ಲ. ಅವಳು ಹೋಗಿ ಅದನ್ನು ತೊಟ್ಟಿಲಿನ ಕಾಲ್ದೆಸೆಯಲ್ಲಿ, ಗಾಜಿನ ಹೊರಗೆ, ಬಟ್ಟೆಯ ಮಡಿಕೆಯ ಮೇಲೆ ಇಟ್ಟಳು.

"ಈಗ ಒಯ್ಯಿ," ಎಂದಳು.

ಹತ್ತು ಗಂಟೆಗೆ ಹೊರಟರು. ಸಾಲುಗುಂಡಿಗಳ ಹಾದಿ ಬಂತು, ಹೋಯಿತು. ಜುಬೇದಾಳ ಕಣ್ಣು ಕೂಸಿನ ಮೇಲೂ ದಾನವ್ವನ ಕಣ್ಣು ನಿಂಬೆಹಣ್ಣಿನ ಮೇಲೂ ಇದ್ದವು. ದುಂಡನೆಯ ಹಣ್ಣು, ತಡೆಗೆ ಏನೂ ಇಲ್ಲ, ಒಂದು ಕೂದಲೆಳೆಯಷ್ಟೂ ಉರುಳಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ನಳಿನಾಕ್ಷಿ ತಮ್ಮಷ್ಟಕ್ಕೆ ಎಂಬಂತೆ ಹೇಳಿದರು. "ಹತ್ತನೇ ಆವೃತ್ತಿ ಬರೀತಿದೀನಿ. ಹಬ್ಬದ ದಿನ ಗಾಡಿಗಳು ಮರೆಯೋಕೆ ಕಾರಣ ಏನಿರಬಹುದು ಅಂತ ನನಗೂ ಒಂದು ಅನುಮಾನ ಇತ್ತು. ಪೂಜೆ ದಿನ ಮಾತ್ರ ನಿಂಬೆಹಣ್ಣು ತುಳಿಯೋಕೆ ಬಿಟ್ಟುಬಿಡೋಣ, ಆಗ ಯಾರೂ ಹಳೇದಕ್ಕೆ ಹೋಗಲ್ಲ ಅಂದ್ಕೊಂಡಿದ್ದೆ. ಏನಂತೀರಿ?"

ಮಹಾನಂದಾ ಎದುರಿನಿಂದ ಬಂದ ಕಬ್ಬಿನ ಲಾರಿಗೆ ದಾರಿ ಬಿಟ್ಟಳು.

"ಬ್ಯಾಡ್ರಿ ಮೇಡಮ್. ನಿನ್ನೆ ಕೇಳಿದ್ರ ಹೂಂ ಅಂತಿದ್ದೆ. ಆದ್ರ ಒಂದ್ ಸಲ ತುಳಿ ಅಂತ ಕಲಿಸಿದ್ರ, ಯಾವ್ದು ಲಿಂಬಿ ಯಾವ್ದು ಕಪ್ಪಿ ಅಂತ ಆಮ್ಯಾಲ ಯಾರ್ ಹೇಳ್ಬೇಕು ಅದಕ್ಕ? ನಾಳೆ ಇನ್ಯಾರೋ ಬಂದು ಇದನ್ನೂ ತುಳೀಲಿ ಅಂತಾರ. ಗಾಲಿಗೆ ಒಂದ ಮಾತು ಗೊತ್ತಿರ್ಲಿ. ನಾವ ಬದಲಾಗ್ತೀವಿ."

"ಅಷ್ಟು ಸುಲಭವಾ? ಪೂಜೆ ಬಿಡ್ತೀರಾ?"

"ಪೂಜಿ ಯಾಕ ಬಿಡೂದ್ರಿ!" ಎಂದಳು ಮಹಾನಂದಾ, ಅಪ್ಪಟ ಆಶ್ಚರ್ಯದಿಂದ.

ಹತ್ತು ಐವತ್ತೆರಡಕ್ಕೆ ವಿಜಯಪುರ ಮುಟ್ಟಿದರು. ಕೂಸನ್ನು ಒಳಗೆ ಕರೆದುಕೊಂಡ ಡಾಕ್ಟರು ಮಧ್ಯಾಹ್ನ ಹೊರಬಂದು, ತಲೆಯ ಸ್ಕ್ಯಾನ್ ಮಾಡಿದ್ದೇವೆ, ಎಲ್ಲೂ ರಕ್ತ ಜಿನುಗಿಲ್ಲ ಎಂದರು. ದಾನವ್ವನಿಗೆ ಅರ್ಥವಾಯಿತೋ ಇಲ್ಲವೋ, ಅವಳು ಹೂಂಗುಟ್ಟಿ, ನಿಂಬೆಹಣ್ಣನ್ನು ಮತ್ತೆ ಕಟ್ಟಿಕೊಂಡಿದ್ದ ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡಳು. ನಳಿನಾಕ್ಷಿ ಅಲ್ಲೇ ಬೆಂಚಿನ ಮೇಲೆ ಕೂತು ತಮ್ಮ ವರದಿ ತೆರೆದರು. ಗಾಲಿಯು ಪಾಠ ಮುಟ್ಟಿತೆಂದು ತಿರುಗಿ ಹೇಳಬೇಕು ಎಂದು ಮೊದಲು ಬರೆದರು. "ನವೀಕರಣ ಆಗಿದೆಯೇ ಎಂದು ಪರೀಕ್ಷಿಸುವ ವಿಧಾನ" ಎಂಬ ಕಡೆ ಹಿಂದೆ ಬರೆದಿದ್ದ ಎರಡು ಪುಟಗಳನ್ನು ಅಳಿಸಲಿಲ್ಲ. ಅವುಗಳ ಮೇಲೆ ಜಾಗ ಮಾಡಿಕೊಂಡು ಹೊಸದೊಂದು ಸಾಲು ಸೇರಿಸಿದರು: "ವಾಹನದಿಂದ ಇಳಿಯಿರಿ. ಪ್ರತಿ ಗಾಲಿಯ ಮುಂದೆ ಒಂದು ಇಡಿಯ ನಿಂಬೆಹಣ್ಣು ಇಡಿ."

ಮುಂದಿನ ವರ್ಷ ಆ ಶೆಡ್ಡಿನಲ್ಲಿ ಪೂಜೆ ನಡೆಯಿತು. ಚೆಂಡುಹೂವು, ಬಾಳೆಕಂಬ, ಕಾಯಿ ಎಲ್ಲ ಇದ್ದವು. ಕಾಯಿಯನ್ನು ಮಾತ್ರ ಮಕ್ಬೂಲ್ ಗಾಡಿಯಿಂದ ಹತ್ತು ಹೆಜ್ಜೆ ದೂರ ಒಡೆಸಿದ, ಹತ್ತಿರ ಬಂದವರನ್ನು ಗದರಿಸಿ ಅಟ್ಟಿದ. ವ್ಯಾನು ನಾಲ್ಕು ಹಣ್ಣು ದಾಟಿತು. ಮಹಾನಂದಾ ನಾಲ್ಕನ್ನೂ ಆರಿಸಿ ತಟ್ಟೆಯಲ್ಲಿ ಇಟ್ಟಳು. ಆ ವಾರ ಹುಟ್ಟಿದ ಕೂಸುಗಳ ಮನೆಯವರು ಒಂದೊಂದು ಕೇಳಿ ತೆಗೆದುಕೊಂಡು ಹೋದರು. ಒಡೆದರೆ ಒಳ್ಳೆಯದು ಎನ್ನುತ್ತಿದ್ದವರು ಉಳಿದರೆ ಒಳ್ಳೆಯದು ಎನ್ನತೊಡಗಿದ್ದು ಯಾವ ವರ್ಷದಿಂದ ಎಂದು ಆಮೇಲೆ ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ಹಬ್ಬವಿರಲಿ ಇಲ್ಲದಿರಲಿ, ಹೊರಡುವ ಮೊದಲು ಇಳಿದು ಗಾಲಿಯ ಮುಂದೆ ಹಣ್ಣಿಟ್ಟು ನೋಡುವುದು ಆ ಕಡೆಯ ಚಾಲಕರಿಗೆಲ್ಲ ರೂಢಿಯಾಯಿತು.

ಮಹಾನಂದಾ ನಿವೃತ್ತಳಾಗುವ ವರ್ಷ, ಹೊಸದಾಗಿ ಕೆಲಸಕ್ಕೆ ಸೇರಿದ ಚಾಲಕಿಯೊಬ್ಬಳಿಗೆ ಈ ಪದ್ಧತಿ ಹೇಳಿಕೊಡುತ್ತಿದ್ದಳು. ಆ ಹುಡುಗಿಗೆ ಹೆಜ್ಜೆಗಾಲಿ ಇಲ್ಲದ ಕಾಲವೇ ಗೊತ್ತಿರಲಿಲ್ಲ.

"ಅಕ್ಕಾರ, ನೀವು ಸಣ್ಣಾಕಿ ಇದ್ದಾಗ ಗಾಡಿ ಹೆಂಗ ಇರ್ತಿದ್ವು?"

"ನಮ್ಮಪ್ಪಂದು ಮೂರು ಗಾಲಿ ಟಂಟಂ ಆಟೋ ಇತ್ತು," ಎಂದಳು ಮಹಾನಂದಾ. "ಎರಡು ಸಾವಿರದ ಇಪ್ಪತ್ತೈದು, ಇಪ್ಪತ್ತಾರರ ಮಾತು. ನಾ ಅಪ್ಪನ ಬಾಜೂಕ ಕುಂತು ಸಾಲಿಗಿ ಹೋಗ್ತಿದ್ದೆ. ಗುಂಡಿ ಬಂದ್ರ ಅಪ್ಪ ಬೈತಿದ್ದ, ಕಲ್ಲು ಬಂದ್ರ ಬೈತಿದ್ದ. ನಮಗ ಬಡೀತಿದ್ವಲ್ಲ, ಅವಷ್ಟ ನಮಗ ತಿಳೀತಿದ್ವು."

"ಉಳಿದದ್ದು?"

ಮಹಾನಂದಾ ಬಗ್ಗಿ, ಗಾಲಿಯ ಹಿಂದೆ ಉಳಿದಿದ್ದ ನಿಂಬೆಹಣ್ಣನ್ನು ಎತ್ತಿಕೊಂಡು, ಧೂಳು ಒರೆಸಿದಳು.

"ಮೆತ್ತಗಿದ್ದದ್ದು ಏನ್ ಸಿಕ್ರೂ ನಮಗ ಗೊತ್ತಾಗ್ತಿರಲಿಲ್ಲ ತಂಗೀ. ಗಾಡಿ ಆರಾಮ ಹೊಂಟದ ಅಂತಿದ್ವಿ."